ಕಚೇರಿಗೆ ಹೊರಡುವ ಮುನ್ನ: ಉಡುಪು, ಅಚ್ಚುಕಟ್ಟು, ನಡವಳಿಕೆ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ಬೆಳಗಿನ ರೈಲು, ಬಸ್ಸುಗಳಲ್ಲಿ ಮೈಸೂರಿಗೆ ಬಂದಿಳಿದು, ಹೂಟಗಳ್ಳಿ ಮತ್ತು ಹೆಬ್ಬಾಳದ ಕೈಗಾರಿಕಾ ಪ್ರದೇಶಗಳಿಗೆ, ನಗರದ ಬ್ಯಾಂಕು, ಆಸ್ಪತ್ರೆ, ವಕೀಲರ ಹಾಗೂ ಲೆಕ್ಕಪರಿಶೋಧಕರ ಕಚೇರಿಗಳಿಗೆ ಚದುರಿಹೋಗುವ ಹುಡುಗ ಹುಡುಗಿಯರಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಚೇರಿ ಕೆಲಸ ಹಿಡಿದವರು. ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಕಾಲೇಜು ಹೇಗೋ ಕಲಿಸಿರುತ್ತದೆ. ಆದರೆ ಹತ್ತು ಜನರ ನಡುವೆ ಹೇಗೆ ಕಾಣಿಸಿಕೊಳ್ಳಬೇಕು, ಮೇಲಧಿಕಾರಿಯ ಮುಂದೆ ಹೇಗೆ ನಿಂತು ಮಾತನಾಡಬೇಕು ಎಂಬುದನ್ನು ಕೂರಿಸಿಕೊಂಡು ಹೇಳಿಕೊಡುವವರು ಮನೆಯಲ್ಲೂ ಇರುವುದಿಲ್ಲ, ಕಾಲೇಜಿನಲ್ಲೂ ಇರುವುದಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ.

ಕಚೇರಿಯ ಉಡುಪು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಒಂದೇ. ಅರ್ಧ ಗಂಟೆ ಮಾತನಾಡಿ ನೀವು ಎದ್ದುಹೋದ ಮೇಲೆ, ಎದುರಿಗೆ ಕುಳಿತಿದ್ದವರಿಗೆ ನಿಮ್ಮ ಮಾತು ನೆನಪಿರಬೇಕು, ನೀವು ಏನು ತೊಟ್ಟಿದ್ದಿರಿ ಎಂಬುದು ಮರೆತುಹೋಗಿರಬೇಕು. ಕಾಲರಿನ ಕೊಳೆ, ಕಿತ್ತುಹೋದ ಗುಂಡಿ, ಮೂಗಿಗೆ ಬಡಿಯುವ ಸೆಂಟು, ಆರತಕ್ಷತೆಗೆ ಒಪ್ಪುವಂಥ ಮಿನುಗುವ ಅಂಗಿ, ಇವೆಲ್ಲ ಮಾಡುವ ಕೆಡುಕು ಒಂದೇ: ನೋಡುವವರ ಗಮನವನ್ನು ನಿಮ್ಮ ಕೆಲಸದಿಂದ ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ದುಬಾರಿ ಬಟ್ಟೆ ಬೇಕೇ ಎಂದು ಕೇಳುವವರಿಗೆ ಉತ್ತರವೂ ಇದರಲ್ಲೇ ಇದೆ.

ಮಂಡ್ಯದ ಕಡೆ ಸರ್ಕಾರಿ ಕಚೇರಿ, ಶಾಲೆ, ಹೋಟೆಲುಗಳ ಗೋಡೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ ಆಗಾಗ ಕಣ್ಣಿಗೆ ಬೀಳುತ್ತದೆ. 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವರ ಆ ಚಿತ್ರಕ್ಕೆ ಕೈಮುಗಿಯುವವರು ಒಮ್ಮೆ ಅದನ್ನು ದರ್ಜಿಯ ಕಣ್ಣಿನಿಂದಲೂ ನೋಡಬೇಕು. ತಲೆಯ ಮೇಲೆ ಮೈಸೂರು ಪೇಟ, ಕೊರಳಲ್ಲಿ ಟೈ, ಮೈಮೇಲೆ ಕೋಟು. ಊರಿನದೂ ಹೊರಗಿನದೂ ಸೇರಿದ ಈ ಉಡುಪಿನಲ್ಲಿ ಯಾವುದೂ ಇನ್ನೊಂದರ ಜೊತೆ ಜಗಳವಾಡುತ್ತಿರುವಂತೆ ಕಾಣುವುದಿಲ್ಲ. ಪೇಟದ ಅಂಚು ನೆಟ್ಟಗಿದೆ, ಕಾಲರು ಕುತ್ತಿಗೆಗೆ ಸರಿಯಾಗಿ ಕೂತಿದೆ, ಕೋಟಿನ ಭುಜ ಜಾರಿಲ್ಲ. ಯಾವ ಬಗೆಯ ಉಡುಪು ಎಂಬುದಕ್ಕಿಂತ ಅದು ಮೈಗೆ ಹೇಗೆ ಕೂತಿದೆ ಎಂಬುದೇ ದೊಡ್ಡದು ಎಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಅಳತೆ

ದೇವರಾಜ ಅರಸು ರಸ್ತೆಯಲ್ಲಿ ಕೊಂಡ ರೆಡಿಮೇಡ್ ಅಂಗಿಯನ್ನು ನಿಮ್ಮ ಮೈಯನ್ನು ನೋಡಿ ಯಾರೂ ಹೊಲಿದಿರುವುದಿಲ್ಲ. ಅದನ್ನು ಬಡಾವಣೆಯ ಟೈಲರ್ ಬಳಿಗೆ ಒಯ್ದು ಆಲ್ಟರ್ ಮಾಡಿಸಿಕೊಂಡರೆ ಸಾಧಾರಣ ಬೆಲೆಯ ಅಂಗಿಯೂ ಹೊಲಿಸಿದ ಅಂಗಿಯಂತೆ ಕೂರುತ್ತದೆ. ಆದರೆ ಟೈಲರ್ ಎಲ್ಲವನ್ನೂ ಸರಿಪಡಿಸಲಾರರು. ಪಕ್ಕಗಳನ್ನು ಹಿಡಿಯಬಹುದು, ತೋಳಿನ ಉದ್ದವನ್ನು ಇಳಿಸಬಹುದು, ಒಳಗೆ ಬಟ್ಟೆ ಬಿಟ್ಟಿದ್ದರೆ ಪ್ಯಾಂಟಿನ ಸೊಂಟವನ್ನು ಸ್ವಲ್ಪ ಬಿಡಿಸಬಹುದು. ಭುಜ ಸರಿಯಿಲ್ಲದ ಅಂಗಿಯನ್ನು ಸರಿಮಾಡುವುದು ಮಾತ್ರ ಹೆಚ್ಚುಕಡಿಮೆ ಹೊಸದಾಗಿ ಹೊಲಿದಷ್ಟೇ ಕೆಲಸ. ಆದ್ದರಿಂದ ಅಂಗಡಿಯ ಕನ್ನಡಿಯ ಮುಂದೆ ನಿಂತಾಗ ಮೊದಲು ನೋಡಬೇಕಾದದ್ದು ಭುಜವನ್ನು. ತೋಳು ಸೇರುವ ಹೊಲಿಗೆಯು ಭುಜದ ಮೂಳೆ ಮುಗಿಯುವ ಜಾಗದಲ್ಲೇ ಇರಬೇಕು. ಕಾಲರಿನ ಗುಂಡಿ ಹಾಕಿದ ಮೇಲೆ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ತೋಳಿನ ಪಟ್ಟಿ ಮಣಿಕಟ್ಟಿನ ಮೂಳೆಯ ಬಳಿ ನಿಲ್ಲಬೇಕು. ಕೊನೆಗೆ ಅಂಗಿಯನ್ನು ಇನ್‌ಶರ್ಟ್ ಮಾಡಿ, ಎರಡೂ ಕೈಗಳನ್ನು ಮೇಲೆತ್ತಿ, ಒಮ್ಮೆ ಕುಳಿತು ನೋಡಿ: ಅಂಗಿ ಪ್ಯಾಂಟಿನಿಂದ ಹೊರಗೆ ಬಂದರೆ ಉದ್ದ ಸಾಲದು, ಹೊಟ್ಟೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಅಗಲ ಸಾಲದು. ಅಂಗಡಿಯ ಹುಡುಗ ಪಕ್ಕದಲ್ಲಿ ನಿಂತು ಅವಸರಪಡಿಸಿದರೂ ಈ ಪರೀಕ್ಷೆಯನ್ನು ಬಿಡಬಾರದು.

ಹೊಲಿಸುವುದಾದರೆ, ಹತ್ತಿ ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿ. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ತೋಳು ಗಿಡ್ಡವಾಗುತ್ತದೆ. ಅಳತೆ ತೆಗೆಯುವಾಗ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಸೈನಿಕರಂತೆ ಎದೆಯುಬ್ಬಿಸಿ ನಿಲ್ಲುವವರಿದ್ದಾರೆ. ಟೇಪು ನೋಡುವುದು ಆ ಎರಡು ನಿಮಿಷದ ಮೈಯನ್ನು, ಬಟ್ಟೆ ತೊಡುವುದು ಉಳಿದ ದಿನದ ಮೈ. ಪ್ಯಾಂಟಿನ ಅಳತೆ ಕೊಡಲು ಕಚೇರಿಗೆ ಹಾಕುವ ಶೂ ತೊಟ್ಟೇ ಹೋಗಬೇಕು, ಹವಾಯಿ ಚಪ್ಪಲಿಯಲ್ಲಿ ಹೋದರೆ ಉದ್ದ ತಪ್ಪುತ್ತದೆ. ಪ್ಯಾಂಟಿನ ತುದಿ ಶೂವಿನ ಮೇಲೆ ಕೂತಾಗ ಮುಂದುಗಡೆ ಒಂದೇ ಒಂದು ಸಣ್ಣ ಮಡಿಕೆ ಬಿದ್ದರೆ ಸಾಕು. ಇನ್ನೊಂದು ಮಾತು: ದಸರೆ, ದೀಪಾವಳಿಗಳ ಮುಂಚಿನ ವಾರಗಳಲ್ಲಿ ಕೊಟ್ಟ ಬಟ್ಟೆ ಹೇಳಿದ ದಿನಕ್ಕೇ ಕೈಗೆ ಬರುತ್ತದೆಂದು ನಂಬಿಕೊಂಡು ಸಂದರ್ಶನಕ್ಕೆ ಹೊರಡುವ ಯೋಜನೆ ಹಾಕಬೇಡಿ.

ಬಣ್ಣದ ವಿಷಯ ಬಹಳ ಬೇಗ ಮುಗಿಯುತ್ತದೆ. ಬಿಳಿ, ತಿಳಿನೀಲಿ, ತೆಳು ಗೆರೆಯ ನಾಲ್ಕು ಅಂಗಿಗಳು. ಕಡುನೀಲಿ ಮತ್ತು ಬೂದು ಬಣ್ಣದ ಎರಡು ಪ್ಯಾಂಟುಗಳು. ಯಾವ ಅಂಗಿಯನ್ನು ಯಾವ ಪ್ಯಾಂಟಿಗೆ ಹಾಕಿದರೂ ಒಪ್ಪುವಂತಿದ್ದರೆ ಬೆಳಿಗ್ಗೆ ಬೀರುವಿನ ಮುಂದೆ ನಿಂತು ಯೋಚಿಸುವ ಹೊತ್ತು ಉಳಿಯುತ್ತದೆ. ಬೇಸಿಗೆಯಲ್ಲಿ ಮಂಡ್ಯದಿಂದ ಬಸ್ಸಿನಲ್ಲಿ ಬರುವವರಿಗೆ ಪಾಲಿಯೆಸ್ಟರ್ ಹೆಚ್ಚಿರುವ ಅಂಗಿ ಶತ್ರುವಿದ್ದಂತೆ. ಅದು ಬೆವರನ್ನು ಹೀರುವುದಿಲ್ಲ, ವಾಸನೆಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ, ಇಲ್ಲವೇ ಹತ್ತಿ ಹೆಚ್ಚಿರುವ ಮಿಶ್ರಣ ಒಳ್ಳೆಯದು. ಬದನವಾಳಿನಂಥ ಕಡೆ ನೇಯುವ ಖಾದಿಯೂ ಕಚೇರಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಇಸ್ತ್ರಿಯಿಲ್ಲದ ಖಾದಿ ಬೇಗ ಮುದುಡಿದಂತೆ ಕಾಣುತ್ತದೆಂಬುದನ್ನು ಮರೆಯಬಾರದು. ಕೋಟು ಹಾಕುವ ಸಂದರ್ಭ ನಮ್ಮಲ್ಲಿ ಕಡಿಮೆ. ಹಾಕಿದಾಗ ಎರಡು ಗುಂಡಿಯ ಕೋಟಿನ ಕೆಳಗಿನ ಗುಂಡಿಯನ್ನು ಬಿಚ್ಚಿಯೇ ಇರಿಸಬೇಕು, ಕೂರುವಾಗ ಮೇಲಿನದನ್ನೂ ಬಿಚ್ಚಬೇಕು. ಟೈನ ತುದಿ ಬೆಲ್ಟಿನ ಬಕಲ್‌ವರೆಗೆ ಬರಬೇಕು. ಬೆಲ್ಟಿನ ಬಣ್ಣವೂ ಶೂವಿನ ಬಣ್ಣವೂ ಒಂದೇ ಆಗಿರಲಿ.

ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಸಲಹೆ ಕೊಡುವವರಿಗೆ ಬರವಿಲ್ಲ. ಸೀರೆಯುಟ್ಟರೆ ಮಾತ್ರ ಗೌರವ ಎನ್ನುವವರೂ, ಪ್ಯಾಂಟು ತೊಟ್ಟರೆ ಮಾತ್ರ ಆಧುನಿಕ ಎನ್ನುವವರೂ ಒಂದೇ ಕಚೇರಿಯಲ್ಲಿ ಸಿಗುತ್ತಾರೆ; ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು, ಎಂಟು ಗಂಟೆ ಯಾವುದರಲ್ಲಿ ಸರಿಪಡಿಸಿಕೊಳ್ಳದೆ ಇರಬಲ್ಲಿರೋ ಅದನ್ನು ಆರಿಸಿಕೊಳ್ಳಿ. ಸೀರೆಯಾದರೆ ಫಾಲ್ ಹಾಕಿಸಿರಬೇಕು, ಒಳಲಂಗದ ಬಣ್ಣ ಸೀರೆಯ ಬಣ್ಣಕ್ಕೆ ಹೊಂದಬೇಕು, ಕಚೇರಿಗೆ ಹಾಕುವ ಚಪ್ಪಲಿ ಮೆಟ್ಟಿಕೊಂಡೇ ನೆರಿಗೆಯ ಎತ್ತರವನ್ನು ಗೊತ್ತುಮಾಡಬೇಕು. ಸೆರಗಿನ ಮಡಿಕೆಗಳನ್ನು ಒಟ್ಟುಗೂಡಿಸಿ ರವಿಕೆಯ ಭುಜದ ಒಳಬದಿಯಿಂದ ಪಿನ್ ಹಾಕಿದರೆ ಪಿನ್ನೂ ಕಾಣದು, ಮಧ್ಯಾಹ್ನದ ವೇಳೆಗೆ ಸೆರಗು ಜಾರುವುದೂ ಇಲ್ಲ. ಚೂಡಿದಾರಿನ ವೇಲನ್ನು ಎರಡೂ ಭುಜಗಳಿಗೆ ಪಿನ್ ಮಾಡುವುದು ಅಂದಕ್ಕಿಂತ ಸ್ಕೂಟರಿನ ಚಕ್ರದ ದೃಷ್ಟಿಯಿಂದ ಮುಖ್ಯ.

ಮೈಸೂರಿನಲ್ಲಿದ್ದುಕೊಂಡು ಮೈಸೂರು ರೇಷ್ಮೆಯ ಮಾತೆತ್ತದೆ ಮುಂದೆ ಹೋಗಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾಗಿ ಈಗ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ನಡೆಸುತ್ತಿರುವ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆ ಮೈಗೆ ಅಂಟಿ ಬೀಳುತ್ತದೆ, ಸುಲಭವಾಗಿ ಸುಕ್ಕಾಗುವುದಿಲ್ಲ, ಸಣ್ಣ ಜರಿಯಂಚಿನ ಒಂದೇ ಬಣ್ಣದ ಸೀರೆಯಾದರೆ ದೊಡ್ಡ ಸಭೆಗೂ ಸಲ್ಲುತ್ತದೆ. ಅದನ್ನು ದಿನನಿತ್ಯಕ್ಕೆ ಬಳಸದೆ, ವಾರ್ಷಿಕ ಸಭೆ, ಮುಖ್ಯ ಅತಿಥಿಗಳು ಬರುವ ದಿನ ಮುಂತಾದವಕ್ಕೆ ಇಟ್ಟುಕೊಳ್ಳುವುದು ಜಾಣತನ. ಜರಿಯ ಮೇಲೆ ಸೆಂಟು ಸಿಂಪಡಿಸಿದರೆ ಕಪ್ಪಾಗುತ್ತದೆ. ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆ ಬದಲಿಸಬೇಕು. ಇನ್ನು ಮಲ್ಲಿಗೆ: ಕಚೇರಿಗೆ ಹೂ ಮುಡಿಯಬಾರದೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಒಂದು ತುಂಡು ಮಲ್ಲಿಗೆಯಿಂದ ಯಾವ ಲೆಕ್ಕಪತ್ರವೂ ತಪ್ಪುವುದಿಲ್ಲ. ಬಾಡಿದ ಮೇಲೆ ತೆಗೆದುಬಿಟ್ಟರಾಯಿತು. ಗಾಜಿನ ಬಳೆಗಳು ಕೀಬೋರ್ಡಿನ ಮೇಲೆ ಸದ್ದು ಮಾಡುವುದು ಮಾತ್ರ ಪಕ್ಕದವರಿಗೆ ನಿಜವಾದ ಕಿರಿಕಿರಿ.

ಇಸ್ತ್ರಿ, ಶೂ, ಮೈ

ಬೀದಿಯ ಮೂಲೆಯ ಇಸ್ತ್ರಿ ಗಾಡಿಯವರು ಮಾಡುವಷ್ಟು ಚೊಕ್ಕವಾಗಿ ಮನೆಯಲ್ಲಿ ಆಗುವುದಿಲ್ಲ, ಆದರೆ ದಿನವೂ ಅವರನ್ನು ನಂಬಿಕೊಂಡಿರಲೂ ಆಗುವುದಿಲ್ಲ, ಕಲಿತಿರುವುದು ಒಳ್ಳೆಯದು. ಹತ್ತಿ ಅಂಗಿ ಪೂರ್ತಿ ಒಣಗುವ ಮುನ್ನ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಮಾಡಬೇಕು. ಮೊದಲು ಕಾಲರನ್ನು ತಿರುವಿ ಹಾಕಿ, ಎರಡೂ ತುದಿಗಳಿಂದ ನಡುವಿನ ಕಡೆಗೆ ಇಸ್ತ್ರಿಪೆಟ್ಟಿಗೆ ಸರಿಸಿ. ನಡುವಿನಿಂದ ತುದಿಗೆ ಒತ್ತಿದರೆ ಸುಕ್ಕೆಲ್ಲ ತುದಿಯಲ್ಲಿ ಬಂದು ಕೂರುತ್ತದೆ, ಜನರ ಕಣ್ಣು ಬೀಳುವುದೂ ಅಲ್ಲಿಗೇ. ಆಮೇಲೆ ತೋಳಿನ ಪಟ್ಟಿ, ತೋಳು, ಭುಜ, ಕೊನೆಗೆ ಬೆನ್ನು ಮತ್ತು ಎದೆಯ ಭಾಗ. ಕಡುಬಣ್ಣದ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಒತ್ತಿದರೆ ತೊಡೆ, ಮಂಡಿಗಳ ಮೇಲೆ ಹೊಳಪು ಕಟ್ಟುವುದಿಲ್ಲ. ಸಿಂಥೆಟಿಕ್ ಬಟ್ಟೆಗೆ ಬಿಸಿ ಕಡಿಮೆ ಇರಲಿ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ರೈಲಿನ ನೂಕುನುಗ್ಗಲಿನಲ್ಲಿ ಒಂದು ಗಂಟೆ ನಿಂತು ಬಂದರೆ ಹೇಗಿರುತ್ತದೆಂಬುದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಮುಖ್ಯವಾದ ದಿನಗಳಲ್ಲಿ ಟೀ ಶರ್ಟಿನಲ್ಲಿ ಪ್ರಯಾಣ ಮಾಡಿ, ಕಚೇರಿಯಲ್ಲಿ ಅಂಗಿ ಬದಲಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಜಿನ ಡ್ರಾದಲ್ಲಿ ಒಂದು ಮಡಿಸಿದ ಅಂಗಿ, ಬಾಚಣಿಗೆ, ಕರವಸ್ತ್ರ, ಸೂಜಿ ದಾರ, ಒಂದೆರಡು ಸೇಫ್ಟಿ ಪಿನ್ ಇಟ್ಟುಕೊಂಡವರು ಸಾರು ಚೆಲ್ಲಿಕೊಂಡ ದಿನವೂ ಗಾಬರಿಯಾಗುವುದಿಲ್ಲ. ಬೈಕಿನಲ್ಲಿ ಬರುವವರು ಹೆಲ್ಮೆಟ್ ತೆಗೆದ ಕೂಡಲೇ ನೇರವಾಗಿ ಸೀಟಿಗೆ ಹೋಗದೆ, ಕೈಕಾಲು ಮುಖ ತೊಳೆದು, ಕೂದಲು ಬಾಚಿಕೊಂಡು ಒಳಹೋಗಬೇಕು.

ಶೂವಿನ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಆಸಕ್ತಿಯಿದೆ, ಓದುಗರು ಸಹಿಸಿಕೊಳ್ಳಬೇಕು. ಚರ್ಮದ ಒಂದು ಜೊತೆ ಶೂ, ಚೆನ್ನಾಗಿ ನೋಡಿಕೊಂಡರೆ, ಅಗ್ಗದ ಮೂರು ಜೊತೆಗಿಂತ ಹೆಚ್ಚು ಕಾಲ ಬಾಳುತ್ತದೆ. ಪಾಲಿಶ್ ಮಾಡುವಾಗ ಎಲ್ಲರೂ ಬಿಡುವ ಹಂತವೆಂದರೆ ಮೊದಲನೆಯದು: ಒಣ ಬ್ರಷ್ಷಿನಿಂದ ಧೂಳನ್ನು ಪೂರ್ತಿ ತೆಗೆಯುವುದು, ಅದರಲ್ಲೂ ಅಟ್ಟೆ ಮತ್ತು ಚರ್ಮ ಸೇರುವ ಸಂದಿನಲ್ಲಿ. ಧೂಳಿನ ಮೇಲೆ ಪಾಲಿಶ್ ಹಚ್ಚಿದರೆ ಅದು ಕೆಸರಾಗುತ್ತದೆ, ಚರ್ಮಕ್ಕೆ ಗೀರು ಬೀಳುತ್ತದೆ. ಆಮೇಲೆ ಲೇಸು ಬಿಚ್ಚಿ, ಬಟ್ಟೆಯ ತುಂಡಿಗೆ ಸ್ವಲ್ಪವೇ ಪಾಲಿಶ್ ತೆಗೆದುಕೊಂಡು ಸಣ್ಣ ಸುತ್ತುಗಳಲ್ಲಿ ಹಚ್ಚಿ, ಹತ್ತು ನಿಮಿಷ ಹಾಗೇ ಬಿಡಬೇಕು. ಆ ಹೊತ್ತಿನಲ್ಲಿ ಕಾಫಿ ಕುಡಿಯಬಹುದು. ಬಳಿಕ ಬ್ರಷ್ಷಿನಿಂದ ಬೇಗ ಬೇಗ ಉಜ್ಜಿ, ಕೊನೆಗೆ ಹಳೆಯ ಮೆತ್ತನೆಯ ಬನಿಯನ್ ಬಟ್ಟೆಯಿಂದ ಒರೆಸಿದರೆ ಹೊಳಪು ಏಳುತ್ತದೆ. ಮಳೆಗಾಲದಲ್ಲಿ ನೆನೆದ ಶೂವನ್ನು ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ದಿನಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒಳಗಿನ ಬೆವರು ಆರಲು ಒಂದು ದಿನ ಬೇಕು. ಸಾಕ್ಸ್ ಮಾತ್ರ ದಿನವೂ ಒಗೆದದ್ದೇ ಆಗಬೇಕು, ಕುಳಿತಾಗ ಕಾಲಿನ ಚರ್ಮ ಕಾಣದಷ್ಟು ಉದ್ದವಿರಬೇಕು. ದೇವಸ್ಥಾನದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಾದ ಕಚೇರಿಗಳು ನಮ್ಮಲ್ಲಿ ಇನ್ನೂ ಇವೆ. ಸಾಕ್ಸಿನ ತೂತು ಬಯಲಾಗುವುದು ಅಲ್ಲೇ.

ಮೈಯ ವಾಸನೆಯ ಬಗ್ಗೆ ಸ್ನೇಹಿತರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ. ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಹಾಗಾಗಿ ಸ್ನಾನ ಮಾಡದೆ ಸೆಂಟು ಹೊಡೆದುಕೊಂಡರೆ ಎರಡು ವಾಸನೆಗಳು ಜೊತೆಗೂಡುತ್ತವೆ ಅಷ್ಟೇ. ಡಿಯೋಡರೆಂಟ್ ವಾಸನೆಯನ್ನು ತಡೆಯುತ್ತದೆ, ಆ್ಯಂಟಿಪರ್ಸ್ಪಿರೆಂಟ್ ಬೆವರನ್ನೇ ಕಡಿಮೆ ಮಾಡುತ್ತದೆ. ಎರಡನೆಯದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಬಿಳಿ ಅಂಗಿಯ ಕಂಕುಳಿಗೆ ಹಳದಿ ಕಲೆ ತರುವುದುಂಟು, ಆದ್ದರಿಂದ ಹಚ್ಚಿಕೊಂಡು ಆರಿದ ಮೇಲೆಯೇ ಅಂಗಿ ತೊಡಬೇಕು. ಗಡ್ಡ ಬಿಡುವುದಾದರೆ ಕೆನ್ನೆ, ಕುತ್ತಿಗೆಗಳ ಅಂಚನ್ನು ವಾರಕ್ಕೊಮ್ಮೆ ತಿದ್ದಿಸಿ. ಬೋಳಿಸುವುದಾದರೆ ದಿನವೂ ಬೋಳಿಸಿ. ಎರಡರ ನಡುವಿನ ಸ್ಥಿತಿ ಸೋಮಾರಿತನದಂತೆ ಕಾಣುತ್ತದೆ. ಉಗುರು ಕತ್ತರಿಸಿರಲಿ. ಎಲೆಯಡಿಕೆ, ಗುಟ್ಕಾಗಳ ಕೆಂಪು ಹಲ್ಲಿನ ಮೇಲಿದ್ದರೆ ಮೇಲಿನ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ. ಮಧ್ಯಾಹ್ನದ ಊಟದ ಬಳಿಕ ಬಾಯಿ ಮುಕ್ಕಳಿಸಿ ಬರುವುದು ಬೆಳ್ಳುಳ್ಳಿ ಒಗ್ಗರಣೆಯ ಬಸ್ಸಾರು ಉಂಡವರಿಗೆಲ್ಲ ಕಡ್ಡಾಯ.

ಮಾತು, ಸಮಯ, ಫೋನು

ನಮ್ಮ ಕಡೆ ಸಲುಗೆ ಬೆಳೆದಷ್ಟೂ ಏಕವಚನ ಸಲೀಸಾಗುತ್ತದೆ. ಅದರಲ್ಲಿ ಪ್ರೀತಿಯೂ ಇರುತ್ತದೆ. ಆದರೆ ಗಿರಾಕಿಗಳ ಎದುರಿನಲ್ಲಿ ಸಹೋದ್ಯೋಗಿಯನ್ನು ‘ಬಾರೋ ಇಲ್ಲಿ’ ಎಂದು ಕೂಗಿದರೆ ಕೇಳಿದವರಿಗೆ ಪ್ರೀತಿ ಕಾಣುವುದಿಲ್ಲ, ಕಚೇರಿಯ ಶಿಸ್ತಿನ ಬಗ್ಗೆ ಅನುಮಾನ ಮೂಡುತ್ತದೆ. ಮೇಲಧಿಕಾರಿಗಳಿಗೆ ಸರ್, ಮೇಡಂ. ಅಟೆಂಡರ್, ಸೆಕ್ಯೂರಿಟಿ, ಕಸ ಗುಡಿಸುವವರಿಗೂ ‘ನೀವು’, ವಯಸ್ಸಾದವರಾಗಿದ್ದರೆ ಹೆಸರಿನ ಜೊತೆ ಅಣ್ಣ, ಅಮ್ಮ. ಒಬ್ಬ ವ್ಯಕ್ತಿಯ ನಡತೆಯನ್ನು ಅಳೆಯಲು ಮ್ಯಾನೇಜರ್ ಜೊತೆ ಅವರು ಹೇಗೆ ಮಾತನಾಡುತ್ತಾರೆಂದು ನಾನು ನೋಡುವುದಿಲ್ಲ, ಟೀ ತಂದುಕೊಟ್ಟವರ ಕಡೆ ತಿರುಗಿ ನೋಡುತ್ತಾರೋ ಇಲ್ಲವೋ ಎಂಬುದನ್ನು ನೋಡುತ್ತೇನೆ. ಮಂಡ್ಯದ ಮಾತಿನ ಧಾಟಿಯನ್ನು ಅಡಗಿಸಿಕೊಳ್ಳಲು ಹೆಣಗುವ ಹುಡುಗರನ್ನು ಕಂಡರೆ ಬೇಸರವಾಗುತ್ತದೆ. ಧಾಟಿ ಇರಲಿ. ನಿಧಾನವಾಗಿ, ವಾಕ್ಯ ಪೂರ್ತಿ ಮಾಡಿ, ಎದುರಿನವರು ಮುಗಿಸಿದ ಮೇಲೆ ಮಾತನಾಡಿದರೆ ಯಾರೂ ಅದನ್ನು ಕೊರತೆಯೆಂದು ಎಣಿಸುವುದಿಲ್ಲ. ಹಿರಿಯರಿಗೆ, ಪರಿಚಯವಿಲ್ಲದ ಮಹಿಳೆಯರಿಗೆ ನಮಸ್ಕಾರ ಹೇಳುವುದು ಎಲ್ಲ ಕಾಲಕ್ಕೂ ಸರಿ. ಅವರಾಗಿ ಕೈ ಚಾಚಿದರೆ ಮಾತ್ರ ಕೈಕುಲುಕಿ.

ಹೊಸಬರನ್ನು ಬೇಗ ಸಣ್ಣವರನ್ನಾಗಿ ಮಾಡುವುದು ‘ಆಯ್ತು ಸರ್, ನಾಳೆ ಮಾಡ್ತೀನಿ’ ಎಂಬ ಉತ್ತರ. ಇಲ್ಲವೆನ್ನಲು ಸಂಕೋಚ, ಹಾಗಾಗಿ ಎಲ್ಲದಕ್ಕೂ ನಾಳೆ. ಅದರ ಬದಲು ಹೀಗೆ ಹೇಳಿ ನೋಡಿ: ‘ಸರ್, ಬುಧವಾರ ಮಧ್ಯಾಹ್ನ 3 ಗಂಟೆಯೊಳಗೆ ಕೊಡುತ್ತೇನೆ. ಎರಡು ಬಿಲ್ ಇನ್ನೂ ಬರಬೇಕು. ಬಾರದಿದ್ದರೆ ಮಂಗಳವಾರ ಸಂಜೆಯೇ ನಿಮಗೆ ತಿಳಿಸುತ್ತೇನೆ.’ ಈ ಉತ್ತರದಲ್ಲಿ ದಿನವಿದೆ, ಹೊತ್ತಿದೆ, ಅಡ್ಡಿ ಏನೆಂಬುದೂ ಇದೆ. ಮಂಗಳವಾರ ಸಂಜೆ ನಿಜವಾಗಿಯೂ ತಿಳಿಸಿದರೆ, ಕೆಲಸ ಒಂದು ದಿನ ತಡವಾದರೂ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಸಮಯದ ಬಗ್ಗೆ ಉಪದೇಶ ಮಾಡುವ ಅಗತ್ಯವಿಲ್ಲ, ಲೆಕ್ಕ ಹಾಕಿದರೆ ಸಾಕು. ನಿಮ್ಮನ್ನು ಸರಿಯಾದ ಹೊತ್ತಿಗೆ ತಲುಪಿಸುವ ಕೊನೆಯ ರೈಲನ್ನೋ ಬಸ್ಸನ್ನೋ ಹಿಡಿಯುವ ಅಭ್ಯಾಸವಿದ್ದರೆ ಅದಕ್ಕಿಂತ ಹಿಂದಿನದಕ್ಕೆ ಬನ್ನಿ. ದಸರಾ ದಿನಗಳಲ್ಲಿ ಅರಮನೆಯ ಸುತ್ತಲಿನ ರಸ್ತೆಗಳನ್ನು ದಾಟಬೇಕಾದವರು ಇನ್ನೂ ಮುಂಚೆ ಹೊರಡಬೇಕು. ತಡವಾಗುವುದು ಖಚಿತವಾದರೆ ಹೊತ್ತು ಮೀರುವ ಮೊದಲೇ ಫೋನ್ ಮಾಡಿ. ಬಂದ ಮೇಲೆ ಟ್ರಾಫಿಕ್ಕಿನ ಕಥೆಯನ್ನು ಉದ್ದ ಮಾಡಬೇಡಿ.

ಫೋನಿನಲ್ಲಿ ‘ಹಲೋ, ಯಾರು?’ ಎನ್ನುವ ಬದಲು ನಿಮ್ಮ ಹೆಸರು ಮತ್ತು ಸಂಸ್ಥೆಯನ್ನು ಹೇಳಿ ಮಾತು ಆರಂಭಿಸಿ. ಕಚೇರಿಯ ಸಂಖ್ಯೆಗೆ ಸಿನಿಮಾ ಹಾಡಿನ ಕಾಲರ್ ಟ್ಯೂನ್ ಬೇಡ. ವಾಟ್ಸ್‌ಆ್ಯಪ್‌ನ ಸ್ಟೇಟಸ್ಸನ್ನು ಗಿರಾಕಿಗಳೂ ನೋಡುತ್ತಾರೆಂಬುದು ನೆನಪಿರಲಿ. ವಿಡಿಯೊ ಸಭೆಯಲ್ಲಿ ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರಿಗಿರುವಂತೆ ಕುಳಿತುಕೊಳ್ಳಿ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕುಕ್ಕರ್ ಕೂಗುವ ಹೊತ್ತಿಗೆ ಮೈಕ್ ಮುಚ್ಚಿರಲಿ.

ಆಯುಧಪೂಜೆಯ ದಿನ ಕಚೇರಿಗೆ ಪಂಚೆ ಶಲ್ಯ, ರೇಷ್ಮೆ ಸೀರೆಗಳಲ್ಲಿ ಬರುವುದು ನಮ್ಮಲ್ಲಿ ವಾಡಿಕೆ. ಅಂದೂ ಅಳತೆಯ ನಿಯಮ ಬದಲಾಗುವುದಿಲ್ಲ: ಪಂಚೆಯುಟ್ಟು ನಡೆದು ಅಭ್ಯಾಸವಿಲ್ಲದವರು ಹಿಂದಿನ ಸಂಜೆ ಮನೆಯಲ್ಲಿ ಉಟ್ಟು, ಮೆಟ್ಟಿಲು ಹತ್ತಿ ಇಳಿದು ನೋಡಬೇಕು, ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುವುದಕ್ಕೂ ಹಿಂಜರಿಯಬಾರದು. ಅರಿಶಿನ ಕುಂಕುಮದ ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಳ್ಳದಿರಲು ಕರವಸ್ತ್ರ ಜೇಬಿನಲ್ಲಿರಲಿ.

ಇಷ್ಟನ್ನೂ ಓದಿ ಮೊದಲ ಸಂಬಳದಲ್ಲೇ ಎಲ್ಲವನ್ನೂ ಕೊಳ್ಳಲು ಹೊರಡಬೇಡಿ. ಮೊದಲ ತಿಂಗಳು ಇರುವ ಬಟ್ಟೆಗಳಲ್ಲಿ ಭುಜ ಸರಿಯಿರುವುವನ್ನು ಆರಿಸಿ ಟೈಲರಿಗೆ ಕೊಟ್ಟು ಹಿಡಿಸಿಕೊಳ್ಳಿ, ಸಡಿಲವಾದ ಗುಂಡಿಗಳನ್ನು ಹೊಲಿದುಕೊಳ್ಳಿ, ಪಾಲಿಶ್ ಡಬ್ಬಿಯೊಂದಿಗೆ ಬ್ರಷ್ ಕೊಳ್ಳಿ. ಎರಡನೆಯ ತಿಂಗಳು ಒಳ್ಳೆಯ ಶೂ ಅಥವಾ ಚಪ್ಪಲಿ, ಅದಕ್ಕೆ ಹೊಂದುವ ಬೆಲ್ಟು. ಅಂಗಿ, ಪ್ಯಾಂಟು, ಕುರ್ತಾ, ಸೀರೆಗಳು ಮೂರನೆಯ ತಿಂಗಳಿನಿಂದ, ಒಂದೊಂದಾಗಿ. ಅಷ್ಟರಲ್ಲಿ ನಿಮ್ಮ ಕಚೇರಿಯಲ್ಲಿ ನಿಮಗಿಂತ ಎರಡು ಮೆಟ್ಟಿಲು ಮೇಲಿರುವವರು ಸಾಮಾನ್ಯ ದಿನಗಳಲ್ಲಿ ಏನು ತೊಡುತ್ತಾರೆಂಬುದು ನಿಮಗೆ ಗೊತ್ತಾಗಿರುತ್ತದೆ. ಕೋಟನ್ನು, ಅದರ ಅಗತ್ಯ ನಿಜವಾಗಿ ಬೀಳುವವರೆಗೆ, ಟೈಲರ್ ಅಂಗಡಿಯಲ್ಲೇ ಬಿಡಿ.